ಸಂತೋಷವಾಗಿರುವವರನ್ನೇ ಪರೀಕ್ಷಿಸಿ ಹೋದ ಸಾಹೇಬರಿಗೆ

ತಿಲಕ್ ನಗರ, ಬೆಂಗಳೂರು
ಜನವರಿ 1987

ಯುವಜನರ ಮಾನಸಿಕ ಆರೋಗ್ಯ ಕಾರ್ಯಕ್ರಮಗಳ ಮೌಲ್ಯಮಾಪನ ಸಮಿತಿಯ ಅಧ್ಯಕ್ಷರ ದಿವ್ಯ ಸನ್ನಿಧಿಗೆ,

ಮಾನ್ಯರೇ,

ನಮ್ಮ ಬಡಾವಣೆಯ ಧೂಳನ್ನು ತಮ್ಮ ಪಾದಸ್ಪರ್ಶದಿಂದ ಪಾವನಗೊಳಿಸಿ, ನಮ್ಮ ಗೆಳೆಯರ ಕೂಟವನ್ನು ಅರ್ಧ ಗಂಟೆಯಲ್ಲಿ ಪರೀಕ್ಷಿಸಿ, ಅದೇ ವಾರ ಮುಚ್ಚಿಸಿದ ತಮ್ಮ ಚುರುಕುತನಕ್ಕೆ ಗಿರಿಜಾದೇವಿ ಎಂಬ ಗೃಹಿಣಿಯ ಸಾಷ್ಟಾಂಗ ನಮಸ್ಕಾರಗಳು. ನಮ್ಮ ಬೀದಿದೀಪ ಕೆಟ್ಟು ವರ್ಷವಾಯಿತು. ಸರ್ಕಾರಿ ಕೆಲಸ ಇಷ್ಟು ಬೇಗ ಆದದ್ದನ್ನು ನಾನು ಕಂಡಿರಲಿಲ್ಲ.

ತಾವು ನೋಡದೇ ಹೋದ ಕೂಟದ ವಿಷಯ ಅರಿಕೆ ಮಾಡಿಕೊಳ್ಳುತ್ತೇನೆ. ಶನಿವಾರ ಸಂಜೆ ಶಾಲೆಯ ಹಿಂದಿನ ಕೊಠಡಿಯಲ್ಲಿ ನಿವೃತ್ತ ನರ್ಸ್ ಕೆಂಪಕ್ಕನವರು ನೆನೆಸಿದ ಅವರೆಕಾಳಿನ ಪಾತ್ರೆಯನ್ನು ನಡುವೆ ಇಟ್ಟುಕೊಂಡು ಕೂರುತ್ತಿದ್ದರು, ಹುಡುಗ ಹುಡುಗಿಯರು ಸುತ್ತ ಕೂತು ಕಾಳು ಹಿದುಕುತ್ತಿದ್ದರು. ಕೈಗೆ ಕೆಲಸವಿದ್ದು, ಒಬ್ಬರ ಮುಖ ಒಬ್ಬರು ನೋಡಬೇಕಿಲ್ಲದಾಗ ಮಾತು ತಾನಾಗಿ ಬರುತ್ತದೆ. ಪಿಯುಸಿ ಫೇಲಾದ ಮೇಲೆ ಮಾತೇ ಬಿಟ್ಟಿದ್ದ ನನ್ನ ಮಗಳು ನೀಲಾಂಬಿಕೆ, "ಬದುಕೋದೇ ಬೇಡ ಅನ್ಸುತ್ತೆ ಅಕ್ಕ" ಎಂದು ಮೊದಲು ಬಾಯಿಬಿಟ್ಟದ್ದು ಅಲ್ಲಿ. ಹೆತ್ತ ನನಗೂ ಹೇಳಿರಲಿಲ್ಲ. ಆ ಸಂಜೆ ಕೆಂಪಕ್ಕ ಅವಳ ಕೈಹಿಡಿದು ಮನೆತನಕ ಬಂದರು.

ಆದರೆ ತಮ್ಮಂಥ ದೊಡ್ಡವರಿಗೆ ಇಂಥ ಮುಖಗಳನ್ನು ತೋರಿಸುವುದು ಮರ್ಯಾದೆಯೇ? ತಾವು ಬುಧವಾರ ಕಚೇರಿ ವೇಳೆಯಲ್ಲಿ ಬರುವಿರೆಂದು ತಿಳಿದ ಕೂಡಲೇ ಕೂಟದ ಕಾರ್ಯದರ್ಶಿ ಪರಮಶಿವಯ್ಯನವರು ಮನೆಗೆ ಬಂದು, "ನಾಳೆ ನಿಮ್ ಹುಡುಗೀನ ಕಳಿಸ್ಬೇಡಿ ಅಮ್ಮ, ಸಾಹೇಬ್ರ ಮುಂದೆ ಅತ್ತುಬಿಟ್ರೆ ಕಷ್ಟ" ಎಂದರು. ಹೆಣ್ಣು ನೋಡುವವರು ಬರುವ ಮನೆಯಂತೆ ಕೊಠಡಿ ಸಿಂಗಾರವಾಯಿತು. ಅವರೆಕಾಳು ಅಡಗಿ ಕೇರಂ ಬೋರ್ಡು ಬಂತು, ಪಕ್ಕದ ಬೀದಿಯ ಕಬಡ್ಡಿ ತಂಡ ಇಸ್ತ್ರಿ ಅಂಗಿ ತೊಟ್ಟು ಬಂದು ಕುಳಿತಿತು. ತಾವು "ಯಾರಿಗಾದ್ರೂ ಮನಸ್ಸಿಗೆ ಬೇಜಾರಿದೆಯೇನ್ರಪ್ಪ?" ಎಂದು ಕೇಳಿ, ಒಂದು ಕೈಯೂ ಏಳದ್ದನ್ನು ಕಂಡು, ಉಪ್ಪಿಟ್ಟು ಮುಗಿಸಿ, ಇಲ್ಲಿಯ ಯುವಜನರು ಸಂಪೂರ್ಣ ಸಂತೋಷದಿಂದಿರುವ ಕಾರಣ ಕೂಟದ ಅಗತ್ಯವಿಲ್ಲವೆಂದು ಬರೆದಿರಿ. ಪರಮಶಿವಯ್ಯನವರು ಈಗ ತಲೆಯ ಮೇಲೆ ಕೈ ಹೊತ್ತು ಕೂತಿದ್ದಾರೆ. ಇದೇ ಕ್ರಮದಲ್ಲಿ ಗಟ್ಟಿಮುಟ್ಟಾದವರನ್ನು ಮಂಚದ ಮೇಲೆ ಮಲಗಿಸಿ ನೋಡಿದರೆ ಊರಿನ ಆಸ್ಪತ್ರೆಗಳನ್ನೂ ಮುಚ್ಚಿಸಬಹುದು, ದಯವಿಟ್ಟು ಪರಿಶೀಲಿಸಬೇಕು.

ಇನ್ನು ಮುಂದೆ ಮಕ್ಕಳ ದುಃಖವೆಲ್ಲ ಕಚೇರಿ ವೇಳೆಯಲ್ಲೇ ಬರತಕ್ಕದ್ದೆಂದು ಆದೇಶ ಹೊರಡಿಸಿ, ಮೊಹರು ಹಾಕಿದ ಒಂದು ಪ್ರತಿಯನ್ನು ನನ್ನ ಮಗಳಿಗೆ ಕಳಿಸಬೇಕಾಗಿ ಪ್ರಾರ್ಥನೆ. ಅವಳು ಸಂತೋಷವಾಗಿದ್ದಾಳೆಂದು ಸರ್ಕಾರವೇ ಹೇಳಿದ ಮೇಲೆ ತಾಯಿಯ ಕಣ್ಣಿಗೆ ಕಂಡದ್ದು ಏನು ಮಹಾ? ನನಗೆ ಸಿಟ್ಟು ಬಂದಿದೆ ಸ್ವಾಮಿ, ಸಿಟ್ಟಿಗಿಂತ ಹೆಚ್ಚಾಗಿ ಹೆದರಿಕೆಯಾಗಿದೆ. ಆದೇಶ ಆಗದಿದ್ದರೆ ಈ ಶನಿವಾರ ಆ ಕೊಠಡಿಯ ಬೀಗ ತೆಗೆಸಿ, ಹಾರ ತುರಾಯಿ ಇಲ್ಲದೆ ಬಂದು ಒಂದು ಮೂಲೆಯಲ್ಲಿ ಕೂತುಕೊಳ್ಳಿ.

ತಮ್ಮ ಪರೀಕ್ಷೆಗೆ ಸಿಕ್ಕದೆ ಉಳಿದ ಮನೆಯಿಂದ,
ತಮ್ಮ ವಿಶ್ವಾಸಿ,
ಗಿರಿಜಾದೇವಿ

ತಾ.ಕ.: ನೀಲಾ ಮತ್ತೆ ಮಾತು ಬಿಟ್ಟಿದ್ದಾಳೆ. ನಿನ್ನೆ ಬಡಗಿ ಪಾಪಯ್ಯನನ್ನು ಕರೆಸಿ ಅವಳ ಕೋಣೆಯ ಒಳಗಿನ ಚಿಲಕ ಬಿಚ್ಚಿಸಿದೆ. ಯಾಕೆಂದು ಅವನು ಕೇಳಲಿಲ್ಲ. ಕೇಳುವುದು ಬಡಗಿಯ ಕೆಲಸವಲ್ಲ, ತಮ್ಮದು.