ನಮ್ಮ ತಾತನ ಇನ್ನೊಬ್ಬಳು ಹೆಂಡತಿ

ದಾಖಲೆ ಇಲ್ಲದ ಮಾತನ್ನು ನಾನು ನಂಬುವುದಿಲ್ಲ. ಇದು ಗುಣವಲ್ಲ, ಚಟ. ಪತ್ರಿಕೆಯ ಡೆಸ್ಕಿನಲ್ಲಿ ಮೂವತ್ತು ವರ್ಷ ಕೂತು ಕಂಡವರ ಬರಹಕ್ಕೆಲ್ಲ 'ಎನ್ನಲಾಗಿದೆ' ಸೇರಿಸಿದವನಿಗೆ, ಹೆಂಡತಿ 'ಸಾರು ಚೆನ್ನಾಗಾಗಿದೆ' ಅಂದರೂ ಇನ್ನೊಂದು ಮೂಲದಿಂದ ಖಚಿತಪಡಿಸಿಕೊಳ್ಳಬೇಕೆನಿಸುತ್ತದೆ. ಮನೆಯಲ್ಲಿ ಆ ಇನ್ನೊಂದು ಮೂಲ ನಾನೇ ಆದ್ದರಿಂದ ತಟ್ಟೆ ಖಾಲಿಯಾಗುವವರೆಗೆ ಅಭಿಪ್ರಾಯ ಕಾಯ್ದಿರಿಸುತ್ತೇನೆ.

ನಿವೃತ್ತನಾಗಿ ಹೊಸಕೋಟೆಯಲ್ಲಿ ಕೂತ ಮೇಲೆ ಈ ಚಟ ವಂಶಾವಳಿಯ ಕಡೆ ತಿರುಗಿತು. ಮಾರ್ಮನ್ನರೆಂಬ ಕ್ರೈಸ್ತ ಪಂಥದವರು ಸತ್ತ ಹಿರಿಯರನ್ನು ಹುಡುಕಿ ಬರೆದಿಡುವುದನ್ನು ಧರ್ಮಕಾರ್ಯವೆಂದೇ ನಂಬಿದ್ದಾರೆ. ಅವರ ಜಾಲತಾಣದಲ್ಲಿ ಯಾರು ಬೇಕಾದರೂ ತಮ್ಮ ಮನೆತನದ ಮರ ಬೆಳೆಸಬಹುದು. ನಂದಗುಡಿ ಕಡೆಯ ನಮ್ಮ ವಂಶವನ್ನು ನಾನೂ ಅಲ್ಲಿ ನೆಟ್ಟೆ. ತಾತ ಪಿಳ್ಳಪ್ಪನವರ ಮದುವೆಯ ಹತ್ತಿರ ಬಂದು ನಿಂತೆ. ಗೆದ್ದಲು ತಿಂದು ಬಿಟ್ಟ ಲಗ್ನಪತ್ರಿಕೆಯಲ್ಲಿ ವಧು ಲಕ್ಷ್ಮೀದೇವಮ್ಮ. ತಾತನ ಅಕ್ಕ ತಮ್ಮನ ಮದುವೆಗೆಂದು ಕೊಟ್ಟ ಹಿತ್ತಾಳೆ ಕೊಳಗದ ಮೇಲೆ ಕೆತ್ತಿಸಿರುವ ವಧು ಪುಟ್ಟಮ್ಮ. ನಾವು ಮೊಮ್ಮಕ್ಕಳು ಕಂಡದ್ದೂ ಪಹಣಿಯಲ್ಲಿದ್ದದ್ದೂ ಪುಟ್ಟಮ್ಮಜ್ಜಿಯೇ. ಎರಡು ದಾಖಲೆ, ಎರಡು ಹೆಸರು. ಅಲ್ಲಿಗೆ ಇಬ್ಬರು ಹೆಂಡಿರು. ಮರದಲ್ಲಿ ಎರಡು ಚೌಕ ಮಾಡಿ, ಅದರ ಚಿತ್ರವನ್ನು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟೆ.

ಮೊದಲು ಫೋನ್ ಮಾಡಿದವನು ದೊಡ್ಡಪ್ಪನ ಮಗ ನಾರಾಯಣಪ್ಪ. "ಲೇ ಪೇಪರ್ನೋನೇ, ತಲೆ ನೆಟ್ಟಗಿದ್ಯಾ? ಅದ್ಯಾವ್ದೋ ಪ್ರಾಜೆಕ್ಟ್‌ನೋರು ಬಂದು ಹೊಲ ಅಳೀತಾವ್ರೆ. ಈಗ ತಾತಂಗೆ ಇನ್ನೊಬ್ಳು ಹೆಂಡ್ತಿ ಅಂದ್ರೆ, ಅವಳ ಮೊಮ್ಮಕ್ಕಳು ನಾವೂಂತ ಪರಿಹಾರದಲ್ಲಿ ಪಾಲು ಕೇಳೋಕೆ ಟೆಂಪೋ ತುಂಬ ಬಂದಿಳೀತಾರೆ ಕಣೋ. ತೆಗಿ ಮೊದ್ಲು!"

"ದಾಖಲೆ ಇದೆ."

"ಕೊಳಗಾನೂ ಒಂದು ದಾಖಲೇನಾ?"

"ನಿನ್ನ ಬಾಯಿಗಿಂತ ವಾಸಿ" ಎಂದು ಫೋನಿಟ್ಟೆ. ಬೆದರಿಕೆಗೆ ಸುದ್ದಿ ತೆಗೆದವನಲ್ಲ ನಾನು.

ಆದರೆ ತಾತನ ಮಕ್ಕಳಲ್ಲಿ ಉಳಿದಿರುವ ಒಬ್ಬರೇ ಒಬ್ಬರು, ನನ್ನ ಸೋದರತ್ತೆ, ಅನುಗೊಂಡನಹಳ್ಳಿಯಿಂದ ಹೇಳಿ ಕಳಿಸಿದಾಗ ಹೋಗಲೇಬೇಕಾಯಿತು. ಅತ್ತೆ ಅವರೆಕಾಯಿ ಸುಲಿಯುತ್ತಿದ್ದರು. ತಲೆ ಎತ್ತಲಿಲ್ಲ.

"ಇಬ್ರು ಅಂತ ಬರ್ದಿದ್ದೀಯಂತೆ. ಅದ್ರಲ್ಲಿ ನಮ್ಮವ್ವ ಯಾವಳಪ್ಪಾ?"

"ಅದನ್ನೇ ಪರಿಶೀಲಿಸ್ತಿದ್ದೀನಿ ಅತ್ತೆ."

"ಏನ್ ಪರಿಶೀಲಿಸ್ತೀಯ, ನಿನ್ ತಲೆ! ನಮ್ಮವ್ವನ ಅತ್ತೆ ಹೆಸ್ರೂ ಲಕ್ಷ್ಮೀದೇವಮ್ಮಾನೇ. ಸೊಸೇನ ಅದೇ ಹೆಸ್ರಲ್ಲಿ ಕೂಗಿ ಬಯ್ಯೋಕಾಗ್ತದಾ? ಅತ್ತೇನೇ ಬಯ್ದಂಗಾಗಲ್ವಾ? ಅದ್ಕೇ ಗಂಡಿನ ಕಡೆಯೋರು ಮದ್ವೆಗೆ ಮುಂಚೇನೇ ಪುಟ್ಟಮ್ಮ ಅಂತ ಮಾಡ್ಕೊಂಡ್ರು. ಪತ್ರಿಕೇಲಿ ಮಾತ್ರ ತೌರೋರು ಅವರಿಟ್ಟಿದ್ದೇ ಹಾಕ್ಸಿದ್ರು. ತೌರಿಗೆ ಹೋದಾಗ ಲಕ್ಷ್ಮೀದೇವಿ, ಬಂದು ಹೊಸಲು ದಾಟಿದ್ರೆ ಪುಟ್ಟಮ್ಮ." ಇನ್ನೊಂದು ಕಾಯಿ ಬಿಡಿಸಿ ಕಾಳನ್ನು ಮೊರಕ್ಕೆ ಹಾಕಿದರು. "ಅವ್ವಂಗೆ ಅದು ಒಂದಿನಾನೂ ಹಿಡಿಸ್ಲಿಲ್ಲ. ಯಾರು ಕೇಳಿದ್ರು?"

ಆ ಸಂಜೆಯೇ ಎರಡು ಚೌಕ ಒಂದಾದವು. ನಾರಾಯಣಪ್ಪ ಗೆದ್ದವನಂತೆ, "ಪಹಣೀಲಿರೋದು ಪುಟ್ಟಮ್ಮ. ಅಷ್ಟೇ ಬರಿ" ಎಂದು ಅಪ್ಪಣೆ ಕೊಡಿಸಿದ. ಬರೆಯಲಿಲ್ಲ. ಹೆಸರಿನ ಜಾಗದಲ್ಲಿ ಲಕ್ಷ್ಮೀದೇವಮ್ಮ ಎಂದು ಹಾಕಿ, ಪುಟ್ಟಮ್ಮನನ್ನು 'ಇತರ ಹೆಸರು' ಎಂಬ ಕೆಳಗಿನ ಸಾಲಿಗೆ ದೂಡಿದೆ. ಗುಂಪು ಬಿಡುತ್ತೇನೆ ಅಂದ. ಬಿಡು ಅಂದೆ. ಕೇಳದೆ ಕಿತ್ತುಕೊಂಡ ಹೆಸರನ್ನು ವಾಪಸು ಕೊಡುವುದಕ್ಕೆ ಈ ಮನೆತನದಲ್ಲಿ ಕೊನೆಗೂ ಒಬ್ಬ ಗಂಡಸು ಹುಟ್ಟಿದ್ದಾನೆ ಎಂಬ ಜಂಬದಲ್ಲಿ ಹೆಂಡತಿಯನ್ನು ಕರೆದು ತೋರಿಸಿದೆ.

ಅವಳು ಕನ್ನಡಕ ಏರಿಸಿಕೊಂಡು ಮರದ ಕೆಳಗಿನ ಕೊಂಬೆಗೆ ಇಳಿದಳು. "ನಿಮ್ಮ ಪಕ್ಕ ಗೀತಾ ಅಂತಿದ್ಯಲ್ಲ, ಯಾರ್ರೀ ಅದು?"

"ನೀನೇ."

"ನಮ್ಮಪ್ಪ ಇಟ್ಟಿದ್ದು ಜಯಮ್ಮ ಅಂತ. ನಿಮ್ಮಮ್ಮನ ಹೆಸ್ರೂ ಅದೇ ಅಂತ ಬದಲಾಯಿಸ್ದಾಗ, 'ಗೀತಾ ಅಂತಿಡಿ, ಹೆಡ್ಡಿಂಗ್‌ಗೆ ಚಿಕ್ಕದಾಗಿ ಹೊಂದುತ್ತೆ' ಅಂದೋರು ಯಾರು?"

ಈ ಮೂಲವನ್ನು ಅಲ್ಲಗಳೆಯುವಂತಿರಲಿಲ್ಲ. ತಕ್ಷಣ ತಿದ್ದಿದೆ. ಬರಹದಲ್ಲಿ ತಿದ್ದುವುದು ನನಗೆ ಸಲೀಸು. ಬಾಯಿ ತಿದ್ದುವುದು ಅಷ್ಟಲ್ಲ. ಮರುದಿನ ಬೆಳಿಗ್ಗೆ ಗಂಟಲು ಸರಿಮಾಡಿಕೊಂಡು, ಅಡುಗೆಮನೆಯ ಕಡೆಗೆ "ಜಯಮ್ಮಾ, ಕಾಫಿ" ಎಂದು ಕೂಗಿದೆ.

"ನಿಮ್ಮಮ್ಮ ತೀರಿಕೊಂಡು ಒಂಬತ್ತು ವರ್ಷ ಆಯ್ತು" ಎಂದಿತು ಅಡುಗೆಮನೆ. "ನೀವೇ ಮಾಡ್ಕೊಳ್ಳಿ."