ಊಟದ ಮೇಜಿನ ಮೇಲೊಂದು ಕಾರ್ಬ್ಯುರೇಟರ್

ನಮ್ಮ ಮನೆಯಲ್ಲಿ ಊಟಕ್ಕೆ ತಟ್ಟೆ ಹಾಕುವ ಮೊದಲು ಮೇಜಿನ ಮೇಲಿಂದ ಕಾರ್ಬ್ಯುರೇಟರ್ ಎತ್ತಿಡಬೇಕು. ಎತ್ತಿಡುವವಳು ನಾನು. "ಯಾರೇ ಅದನ್ನ ಮುಟ್ಟಿದ್ದು? ಎಡಗಡೆ ಇದ್ದ ಸ್ಕ್ರೂ ಬಲಗಡೆಗೆ ಬಂದಿದೆಯಲ್ಲ!" ಎಂದು ಬೈಸಿಕೊಳ್ಳುವವಳೂ ನಾನೇ.

ಕಾರ್ಬ್ಯುರೇಟರ್ ಅಂದರೇನೆಂದು ನಿಮಗೆ ಗೊತ್ತಿಲ್ಲದಿದ್ದರೆ ನೀವು ಪುಣ್ಯವಂತರು. ಹಳೇ ಕಾರುಗಳಲ್ಲಿ ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಉಣಿಸುವ ಲೋಹದ ಡಬ್ಬಿ ಅದು. ನಮ್ಮದು ಉಣಿಸುವುದಿಲ್ಲ, ಕಕ್ಕುತ್ತದೆ. ಕೀಲಿ ತಿರುಗಿಸಿದರೆ ಸಾಕು, ಪೆಟ್ರೋಲು ಉಕ್ಕಿ ಎಂಜಿನ್ ಮೇಲೆಲ್ಲ ಸುರಿಯುತ್ತದೆ. ಕಾರು ಎರಡು ಸಲ ಕೆಮ್ಮಿ, ಕರೀ ಹೊಗೆ ಬಿಟ್ಟು, ಸಮಾಧಿಸ್ಥಿತಿಗೆ ಹೋಗುತ್ತದೆ. ನನ್ನ ಮದುವೆಗಿಂತ ಹಳೆಯದಾದ ಆ ಕಾರನ್ನು ಯಜಮಾನರು 'ಮಹಾರಾಣಿ' ಎನ್ನುತ್ತಾರೆ. ನಮ್ಮ ಅತ್ತೆ 'ಶನಿ' ಎನ್ನುತ್ತಾರೆ. ಅತ್ತೆಯೂ ನಾನೂ ಒಮ್ಮತಕ್ಕೆ ಬಂದ ಏಕೈಕ ವಿಷಯ ಇದು.

ಮಹಾರಾಣಿಯ ಅರಮನೆ ನಮ್ಮ ಮನೆ ಮುಂದಿನ ಷೆಡ್ಡು. ಅಗಲವಾದ ಕಿಟಕಿ, ಬೆಳಗಿನಿಂದ ಸಂಜೆಯವರೆಗೆ ಒಳ್ಳೇ ಬೆಳಕು. ಬಟ್ಟೆ ಹೊಲಿಯುವವಳಿಗೆ ಅದಕ್ಕಿಂತ ಸ್ವರ್ಗ ಬೇರೆ ಬೇಕೆ? ಹೊಲಿಯುವವಳು ನಾನು. ನನ್ನ ಮಿಷನ್ನು ಇರುವುದು ಬಚ್ಚಲಿಗೆ ಹೋಗುವ ಓಣಿಯಲ್ಲಿ. ಬಚ್ಚಲಿಗೆ ಹೋಗುವವರೆಲ್ಲ ನನ್ನ ಮೊಣಕೈಗೆ ಡಿಕ್ಕಿ ಹೊಡೆದೇ ಹೋಗಬೇಕು. ಬಟ್ಟೆ ಕತ್ತರಿಸುವುದು ಊಟದ ಮೇಜಿನ ಮೇಲೆ, ಕಾರ್ಬ್ಯುರೇಟರಿನ ಕೃಪಾಕಟಾಕ್ಷದಲ್ಲಿ.

ಹೋದ ತಿಂಗಳು ವಕೀಲರ ಹೆಂಡತಿ ತಾವು ಹೊಲಿಸಿಕೊಂಡ ಪರದೆಗಳನ್ನು ವಾಪಸ್ಸು ತಂದು ಹಾಕಿದರು. "ಏನ್ರೀ ಇದು, ಪೆಟ್ರೋಲ್ ವಾಸನೆ! ನಿಮ್ಮ ಪರದೆ ಹಾಕಿದಾಗಿನಿಂದ ನಮ್ಮೆಜಮಾನ್ರು ಮನೇಲಿ ಸಿಗರೇಟು ಹಚ್ಚೋಕೇ ಹೆದರ್ತಾರೆ!"

ಆಮೇಲೆ ಅವರ ಅಕ್ಕಪಕ್ಕದವರೂ ಬರುವುದು ನಿಲ್ಲಿಸಿದರು. ಕಷ್ಟಪಟ್ಟು ಕಟ್ಟಿಕೊಂಡ ಕೆಲಸ ಕಣ್ಣೆದುರಿಗೇ ಸೋರಿ ಹೋಗುತ್ತಿದ್ದರೆ ಹೊಟ್ಟೆ ಉರಿಯದೆ ಇರುತ್ತದೆಯೇ? ಉರಿಯಿತು. ಪೆಟ್ರೋಲ್ ಹತ್ತಿರವೇ ಇತ್ತು, ನಾನು ತಡೆದುಕೊಂಡೆ.

ಯಜಮಾನರು ವಿಮಾ ಕಚೇರಿಯಲ್ಲಿದ್ದಾರೆ. ಊರವರ ಅಪಘಾತಕ್ಕೆಲ್ಲ ಮುಂಜಾಗ್ರತೆ ಹೇಳುವ ಮನುಷ್ಯ, ಮನೆಯಲ್ಲಿ ಟೀ ಸೋಸುವ ಜಾಲರಿಯಿಂದ ಪೆಟ್ರೋಲು ಸೋಸುತ್ತಾರೆ. ನನ್ನ ಸೂಜಿಗಳೆಲ್ಲ ಕಾರ್ಬ್ಯುರೇಟರಿನ ತೂತುಗಳಲ್ಲಿ ಬಾಗಿದವು. ಅತ್ತೆಯ ಹಲ್ಲುಜ್ಜುವ ಬ್ರಷ್ಷೂ ರಾಷ್ಟ್ರೀಕರಣವಾಯಿತು.

ತಡೆಯಲಾರದೆ ಒಂದು ದಿನ ನಾನೇ ಬಾಯಿಬಿಟ್ಟೆ.

"ರೀ, ಹೋದ ವರ್ಷ ನಮ್ಮ ಮಾಳಿಗೆ ಮೇಲಿನ ನೀರಿನ ಟ್ಯಾಂಕು ಹೀಗೇ ಉಕ್ಕಿ ಹರೀತಿತ್ತಲ್ಲ? ಒಳಗಿನ ಚೆಂಡು ತೂತಾಗಿ ನೀರು ಕುಡಿದು ಮುಳುಗಿತ್ತು. ಚೆಂಡು ತೇಲಿ ಮೇಲೆ ಬಂದ್ರೆ ತಾನೇ ನೀರು ನಿಲ್ಲೋದು? ಇದರಲ್ಲೂ ಅಂಥದ್ದೇ ಒಂದು ಹಿತ್ತಾಳೆ ಬುರುಡೆ ಇದೆ. ಅದನ್ನ ನೋಡಿ."

ಅವರು ಅಯ್ಯೋ ಪಾಪ ಎನ್ನುವಂತೆ ನಕ್ಕರು. "ಲೇ, ಇದು ಕಾರ್ಬ್ಯುರೇಟರ್ ಕಣೇ. ನಿನ್ನ ನೀರಿನ ತೊಟ್ಟಿ ಅಲ್ಲ. ಇದರ ಹಿಂದೆ ವಿಜ್ಞಾನ ಇದೆ."

"ತೊಟ್ಟಿ ಹಿಂದೆ ಏನಿದೆ?"

"ಗೋಡೆ ಇದೆ. ಹೋಗು, ಒಗ್ಗರಣೆ ಸೀದುಹೋಗ್ತಿದೆ ನೋಡು."

"ಬಿಡೇ, ಹೇಳಿದ್ರೆ ಕೇಳೋ ಪ್ರಾಣಿ ಅಲ್ಲ ಅದು," ಎಂದರು ಅತ್ತೆ. "ಅವರಪ್ಪನೂ ಹೀಗೇ. ಅಂದಹಾಗೆ ನನ್ನ ಬ್ರಷ್ಷೆಲ್ಲಿ?"

ಆದರೆ ದೇವರು ದೊಡ್ಡವನು. ಒಂದು ದಿನ ಕಾರು ಹೇಗೋ ಸ್ಟಾರ್ಟಾಯಿತೆಂದು ಕಚೇರಿಯ ಸಾಹೇಬರನ್ನು ಕೂರಿಸಿಕೊಂಡು ಮೆರೆಯಲು ಹೋದ ಯಜಮಾನರು ನಾಲ್ಕು ರಸ್ತೆ ಕೂಡುವಲ್ಲಿ ಕೈಕೊಟ್ಟ ಮಹಾರಾಣಿಯನ್ನು ಸಾಹೇಬರ ಕೈಲೇ ತಳ್ಳಿಸಿಕೊಂಡು ಬಂದರು. ಬಂದವರೇ, "ಮಾರಿಬಿಡ್ತೀನಿ!" ಎಂದು ಘೋಷಿಸಿದರು. ಹಲ್ಲಿನ ಡಾಕ್ಟರೊಬ್ಬರು ಜಾಹೀರಾತು ನೋಡಿ, ಫೋನ್ ಮಾಡಿ ಭಾನುವಾರ ನೋಡಲು ಬರುತ್ತೇನೆಂದರು. ನಾನು ಟೇಪು ಹಿಡಿದು ಷೆಡ್ಡು ಅಳೆದೆ. ಮಿಷನ್ನು ಇಲ್ಲಿ, ಕತ್ತರಿಸುವ ಮೇಜು ಅಲ್ಲಿ. ಕಿಟಕಿಗೆ ಪರದೆಯನ್ನೂ ಹೊಲಿದಿಟ್ಟೆ.

ಟೇಪು ಸುತ್ತಿಡುವಾಗ ಹೊಳೆಯಿತು. ಸ್ಟಾರ್ಟೇ ಆಗದ ಕಾರನ್ನು ಯಾವ ಮೂರ್ಖ ಕೊಳ್ಳುತ್ತಾನೆ? (ಈ ಪ್ರಶ್ನೆಯನ್ನು ನೆನಪಿಟ್ಟುಕೊಳ್ಳಿ.)

ಶನಿವಾರ ಯಜಮಾನರು ಕ್ಷೌರಕ್ಕೆ ಹೋದದ್ದೇ ತಡ, ಕಾರ್ಬ್ಯುರೇಟರ್ ಬಿಚ್ಚಿ ಬುರುಡೆಯನ್ನು ಕಿವಿಯ ಹತ್ತಿರ ಅಲುಗಾಡಿಸಿದೆ. ಒಳಗೆ ಗುಳುಗುಳು ಎಂದಿತು. ಒಲೆ ಆರಿಸಿ, ಕಿಟಕಿ ತೆರೆದು, ಬಿಸಿನೀರಲ್ಲಿ ಮುಳುಗಿಸಿದೆ. ಕೂದಲೆಳೆಯಂಥ ತೂತಿನಿಂದ ಗುಳ್ಳೆ ಎದ್ದಿತು. ಒಳಗಿದ್ದ ಪೆಟ್ರೋಲನ್ನೆಲ್ಲ ಹೊರಹಾಕಿ, ಬಿಸಿಲಲ್ಲಿ ಚೆನ್ನಾಗಿ ಒಣಗಿಸಿದೆ. ಯಜಮಾನರು ಕೊಂಡು ತಂದು ಡಬ್ಬಿಯಿಂದ ಹೊರಗೇ ತೆಗೆಯದಿದ್ದ ಬೆಸುಗೆ ಕಡ್ಡಿಯಿಂದ ಸಾಸಿವೆಯಷ್ಟು ಬೆಸುಗೆ ಹಾಕಿ, ಎಲ್ಲವನ್ನೂ ಇದ್ದ ಹಾಗೇ ಜೋಡಿಸಿಟ್ಟೆ. ಎಡಗಡೆಯ ಸ್ಕ್ರೂ ಎಡಗಡೆಗೇ ಇಟ್ಟೆ.

ಭಾನುವಾರ ಯಜಮಾನರು ಹೆಣಕ್ಕೆ ಅಲಂಕಾರ ಮಾಡುವವರಂತೆ ಕಾರ್ಬ್ಯುರೇಟರನ್ನು ಕಾರಿಗೆ ಕೂರಿಸಿ ಕೀಲಿ ತಿರುಗಿಸಿದರು. ಮಹಾರಾಣಿ ಒಂದು ತೊಟ್ಟೂ ಚೆಲ್ಲದೆ, ಕೆಮ್ಮದೆ, ಗುರ್ ಎಂದಳು. ಯಜಮಾನರು ಕಾರಿನ ಮುಖವನ್ನೇ ನೋಡುತ್ತ ನಿಂತರು. ಮದುವೆಯ ದಿನ ನನ್ನ ಮುಖವನ್ನೂ ಹಾಗೆ ನೋಡಿರಲಿಲ್ಲ.

ಅಷ್ಟರಲ್ಲಿ ಹಲ್ಲಿನ ಡಾಕ್ಟರು ಹೆಂಡತಿಯೊಂದಿಗೆ ಬಂದಿಳಿದರು. ಕೈಯಲ್ಲೊಂದು ಸ್ಪ್ಯಾನರ್ ಚೀಲ. ಎಂಜಿನ್ ಸದ್ದು ಕೇಳಿದ್ದೇ ಅವರ ಮುಖ ಬಾಡಿತು.

"ಇದು... ಓಡುತ್ತಾ?"

"ಓಡುತ್ತೆ! ಈಗಲೇ ಓಡಿಸ್ಕೊಂಡು ಹೋಗಬಹುದು!" ಎಂದೆ ನಾನು.

"ಫೋನಲ್ಲಿ ಪೆಟ್ರೋಲ್ ಉಕ್ಕುತ್ತೆ ಅಂದಿದ್ರಲ್ಲ," ಎಂದರು ಅವರು, ಮೋಸಹೋದವರ ದನಿಯಲ್ಲಿ. "ಓಡೋ ಕಾರು ಮನೇಲೇ ಇದೆಯಮ್ಮ. ಭಾನುವಾರ ಬಿಚ್ಚಿ ಕೂರೋಕೆ ಒಂದು ಬೇಕಾಗಿತ್ತು."

ನನ್ನ ಷೆಡ್ಡು, ನನ್ನ ಕಿಟಕಿ, ನನ್ನ ಮೇಜು ಎಲ್ಲ ಕಣ್ಣ ಮುಂದೆ ಹಾದುಹೋಯಿತು. "ಬೇಕಿದ್ರೆ ಮತ್ತೆ ತೂತು ಮಾಡಿ ಕೊಡ್ತೀನಿ!" ಎಂದುಬಿಟ್ಟೆ.



"ಮುಚ್ಚಿದ್ದು ನೀವಾ?" ಎಂದು ಡಾಕ್ಟರು ಕಣ್ಣರಳಿಸಿದರು.

ಯಜಮಾನರಿಗೆ ನಾಚಿಕೆಯಾಗಬೇಕಿತ್ತು. ಎದೆಯುಬ್ಬಿಸಿ, "ನಾನು ಹೇಳೋದನ್ನ ಕೇಳೀ ಕೇಳೀ ಕಲಿತಿದ್ದಾಳೆ," ಎಂದರು. "ಇನ್ನು ಈ ಕಾರು ಮಾರೋ ಮಾತೇ ಇಲ್ಲ ಬಿಡಿ."

"ನಮ್ಮ ಸ್ನೇಹಿತರ ಕಾರುಗಳೂ ಹೀಗೇ ಉಕ್ಕುತ್ವೆ. ಕಳಿಸಲಾ?" ಎಂದು ಡಾಕ್ಟರು ಯಜಮಾನರನ್ನು ಕೇಳಿದರು.

"ಧಾರಾಳವಾಗಿ! ನಮ್ಮ ಷೆಡ್ಡು ಬೇಕಾದಷ್ಟು ದೊಡ್ಡದಿದೆ."

ಡಾಕ್ಟರ ಹೆಂಡತಿ ಮಾತ್ರ ನನ್ನನ್ನು ಪಕ್ಕಕ್ಕೆ ಕರೆದು ಎರಡೂ ಕೈ ಹಿಡಿದುಕೊಂಡರು. ಅವರ ಕಣ್ಣಲ್ಲಿ ನೀರಿತ್ತು. "ಈ ಕಾರು ಬರದೆ ನಮ್ಮನೆ ಮುಂದಿನ ಹೂದೋಟ ಉಳೀತು ತಾಯಿ. ನಿಮ್ಮ ಹೊಟ್ಟೆ ತಣ್ಣಗಿರಲಿ," ಎಂದರು. ನನ್ನ ಹೊಟ್ಟೆಯ ಸ್ಥಿತಿ ಅವರಿಗೇನು ಗೊತ್ತು.

ಈಗ ಷೆಡ್ಡಿನ ಕಿಟಕಿ ಪಕ್ಕ, ನಾನು ಅಳೆದಿಟ್ಟ ಜಾಗದಲ್ಲೇ, ನನಗೊಂದು ಮೇಜು ಸಿಕ್ಕಿದೆ. ಬೆಸುಗೆ ಹಾಕಲು ಬೆಳಕು ಚೆನ್ನಾಗಿದೆ. ಬಾಗಿಲ ಮೇಲಿನ ಬೋರ್ಡಿನಲ್ಲಿ ಯಜಮಾನರ ಹೆಸರಿದೆ. ಮಿಷನ್ನು ಓಣಿಯಲ್ಲೇ ಇದೆ, ಅದರ ಡ್ರಾಯರಿನಲ್ಲಿ ಅತ್ತೆ ತಮ್ಮ ಹೊಸ ಬ್ರಷ್ಷನ್ನು ಬಚ್ಚಿಡುತ್ತಾರೆ.

ನಿನ್ನೆ ವಕೀಲರ ಹೆಂಡತಿ ಬಂದಿದ್ದರು. ಕೈಯಲ್ಲೊಂದು ಗಂಟು. ಕೊನೆಗೂ ಬಟ್ಟೆ ತಂದರಲ್ಲ ಎಂದು ಓಡಿಹೋಗಿ ಟೇಪು ತಂದೆ. ಅವರು ಗಂಟು ಬಿಚ್ಚಿ ಮೇಜಿನ ಮೇಲಿಟ್ಟರು.

"ಪರದೆ ಬೇರೆ ಕಡೆ ಹೊಲಿಸ್ಕೊಂಡೆ ಕಣ್ರೀ. ಇದು ನಮ್ಮೆಜಮಾನ್ರ ಹಳೇ ಸ್ಕೂಟರಿಂದು, ತುಂಬಾ ಉಕ್ಕುತ್ತೆ. ಸ್ವಲ್ಪ ನೋಡಿ ಕೊಡ್ತೀರಾ?"