ಬೇಸಿಕ್‌ನಲ್ಲಿ ಊದಿದ ಸೈರನ್

ಕಂಪ್ಯೂಟರ್ ಕಲಿಸುವವನಿಗೆ ಮುಜುಗರ ಬೆಳಗಿನ ಕಾಫಿಯಷ್ಟೇ ಖಾಯಂ. ತೊಂಬತ್ತರ ದಶಕದಲ್ಲಿ ಶಿವಮೊಗ್ಗದ ಗೋಪಾಳ ಬಡಾವಣೆಯ ಒಂದು ಸೆಂಟರಿನಲ್ಲಿ ನಾನು ಬೇಸಿಕ್ ಎಂಬ ಕಂಪ್ಯೂಟರ್ ಭಾಷೆ ಕಲಿಸುತ್ತಿದ್ದೆ. ಪಕ್ಕದ ಕೋಣೆಯಲ್ಲಿ ಟೈಪಿಂಗ್ ಕಲಿಸುವ ಮೇಡಂ, ಭದ್ರಾವತಿಯವರು. ಅವರನ್ನು ಮದುವೆಯಾಗಬೇಕೆಂದು ನನಗೆ ಆಸೆ. ಹೇಳಲು ಬಾಯಿ ಬರುತ್ತಿರಲಿಲ್ಲ. ಹಾಗಾಗಿ ಕಂಪ್ಯೂಟರಿನ ಬಾಯಿ ಬಿಡಿಸಲು ಹೊರಟೆ.

ಹೂಂ ಅನ್ನುವ ಡಬ್ಬ

ಬಿಡುವಿನಲ್ಲಿ ಮೇಡಂ ಬೇಸಿಕ್ ಕಲಿಯಲು ಬಂದರು. ‘ಬೀಪ್’ ಎಂದು ಟೈಪ್ ಮಾಡಿಸಿ ಎಂಟರ್ ಒತ್ತಿಸಿದೆ. ಕಂಪ್ಯೂಟರ್ ಡಬ್ಬದೊಳಗಿಂದ ಕುಂಯ್ ಎಂದು ಸದ್ದು ಬಂತು. ಅವರು ಬೆಚ್ಚಿ ಕೈ ತೆಗೆದರು.

“ಬೈತಾ ಇದ್ಯಾ ಸಾರ್?”

“ಇಲ್ಲ, ನೀವು ಹೇಳಿದ್ದಕ್ಕೆ ಹೂಂ ಅಂತಿದೆ.”

“ಹಾಗಾದ್ರೆ ಗಂಡಸರಿಗೂ ಇದೊಂದು ಕೋರ್ಸ್ ಇಡಿ.”

ನಾನೇ ಮೊದಲು ಸೇರ್ತೀನಿ ಎನ್ನಬೇಕಿತ್ತು. ಅದು ಹೊಳೆದದ್ದು ಮನೆಗೆ ಹೋದ ಮೇಲೆ.

ಕಂಬಳಿ ಹೊದ್ದ ಸರಿಗಮ

ಮೇಡಂ ಸಂಗೀತ ಕಲಿತವರೆಂದು ಸರಿಗಮ ನುಡಿಸುವ ಪ್ರೋಗ್ರಾಂ ಬರೆದೆ. ಒಂದೊಂದು ಸ್ವರಕ್ಕೂ ಒಂದೊಂದು ನಂಬರ್ ಕೊಟ್ಟರಾಯಿತು. ಮುಗಿದ ಮೇಲೆ ಮತ್ತೆ ಮೊದಲ ಸಾಲಿಗೆ ಹೋಗು ಎಂದು ಬರೆದಿದ್ದೆ. ನಿಲ್ಲು ಎಂದು ಎಲ್ಲೂ ಬರೆದಿರಲಿಲ್ಲ. ಪಕ್ಕದಲ್ಲಿ ಟೈಪಿಂಗ್ ಟೆಸ್ಟ್ ನಡೆಯುತ್ತಿತ್ತು. ಮಾಲೀಕರು ಓಡಿ ಬಂದು, “ಸೌಂಡ್ ಕಮ್ಮಿ ಮಾಡ್ರೀ!” ಎಂದರು. ಆ ಸ್ಪೀಕರಿಗೆ ವಾಲ್ಯೂಮ್ ಗುಂಡಿಯೇ ಇಲ್ಲ. ಗಾಬರಿಯಲ್ಲಿ ನಿಲ್ಲಿಸುವ ಕೀ ಯಾವುದೆಂದೇ ಮರೆತುಹೋಗಿ, ವಾಚ್‌ಮನ್ ಕಂಬಳಿಯನ್ನು ಡಬ್ಬಕ್ಕೆ ಹೊದಿಸಿದೆ.

ಮೇಡಂ ಇಣುಕಿ ನೋಡಿ, “ಈಗ ಶ್ರುತಿ ಸೇರ್ತು ಸಾರ್” ಎಂದರು.

ಸೈರನ್

ಒಂದು ಮಧ್ಯಾಹ್ನ ಮೇಡಂ ತಂದೆ ಮಗಳನ್ನು ಬೇಗ ಕರೆದೊಯ್ಯಲು ಬಂದರು. ಭದ್ರಾವತಿಯ ಕಾರ್ಖಾನೆಯಲ್ಲಿ ದುಡಿದು ರಿಟೈರಾದವರು. ಅವರಿಗೆ ಸೈರನ್ ಕೂಗಿದರೆ ಊಟ, ಸೈರನ್ ಕೂಗಿದರೆ ಮನೆ. ಗಡಿಯಾರ ಬರೀ ಗೋಡೆಯ ಅಲಂಕಾರ. ಟೀ ಕೊಟ್ಟೆ, ಹಾಯಾಗಿ ಹರಟೆಗೆ ಕುಳಿತರು. ಇವರನ್ನು ಖುಷಿಪಡಿಸಿ ಹೆಣ್ಣು ಕೇಳಿಬಿಡೋಣವೆಂದು, ಸದ್ದು ಮೆಲ್ಲಗೆ ಏರಿ ಇಳಿಯುವ ಪ್ರೋಗ್ರಾಂ ಹಾಕಿದೆ.

“ಅರೆ, ನಮ್ ಸೈರನ್ನೇ ಮಾರಾಯ್ರೆ!” ಎಂದು ಮುಖ ಅರಳಿಸಿದರು.

ನಾನು ಗಂಟಲು ಸರಿಮಾಡಿಕೊಂಡು, “ಯಜಮಾನ್ರೇ, ನಿಮ್ಮ ಮಗಳ ವಿಷಯ...” ಎನ್ನುವಷ್ಟರಲ್ಲಿ ಅವರು ಕೊಡೆ ಹಿಡಿದು ಬಾಗಿಲಲ್ಲಿದ್ದರು. ಸೈರನ್ ಆದ ಮೇಲೆ ಕೂತು ಅಭ್ಯಾಸವಿಲ್ಲದ ಜೀವ. “ನಡಿಯಮ್ಮ” ಎಂದರು. ಮೇಡಂ ಒಮ್ಮೆ ಹಿಂತಿರುಗಿ ನೋಡಿದರು.

ಸ್ವಲ್ಪ ದಿನಕ್ಕೇ ಮೇಡಂ ಮದುವೆ ಬೇರೆಯವರ ಜೊತೆ ಆಯಿತು. ದುಃಖ ನುಂಗಿಕೊಂಡು ಹೋದೆ. ಅವರ ತಂದೆ ನನ್ನ ಕೈ ಹಿಡಿದು ವರನ ಮುಂದೆ ನಿಲ್ಲಿಸಿದರು.

“ಅಳಿಯಂದ್ರೇ, ಇವ್ರಿಗೊಂದು ನಮಸ್ಕಾರ ಮಾಡಿ. ನೀವು ಹುಡುಗಿ ನೋಡೋಕೆ ಬಂದ ದಿನ ನಾನು ಶಿವಮೊಗ್ಗದಲ್ಲಿ ಹರಟ್ತಾ ಮೈಮರೆತು ಕೂತಿದ್ದೆ. ಇವ್ರು ಸೈರನ್ ಊದದಿದ್ರೆ ಬಸ್ಸೂ ಹೋಗ್ತಿತ್ತು, ಕಾದು ಕಾದು ನೀವೂ ಹೋಗ್ತಿದ್ರಿ!”